ಸಿಂಹದ ಎಡಗಿವಿಯ ಹಿಂದೆ

ಸಿಂಹದ ತಲೆಯೊಳಗೆ ಮೂಗು ತೂರಿಸಿದರೆ ಏನು ವಾಸನೆ ಬರುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಬೆವರು, ಅಂಟು, ಒದ್ದೆಯಾದ ತುಪ್ಪಳ, ಕುಣಿಯುವವನು ಬೆಳಗ್ಗೆ ತಿಂದ ಬೆಳ್ಳುಳ್ಳಿ. ಇದನ್ನು ತಡೆಯಲಾಗದವರು ಈ ಕೆಲಸಕ್ಕೆ ಬರಬೇಡಿ. ಹೊರಗೆ ನಿಂತು ಫೋಟೋ ತೆಗೆದುಕೊಂಡು ಮನೆಗೆ ಹೋಗಿ. ಅದೂ ಒಳ್ಳೆಯದೇ. ನೋಡುವವರಿಲ್ಲದಿದ್ದರೆ ಸಿಂಹ ಯಾರಿಗೆ ಕುಣಿಯಬೇಕು?

ನನ್ನ ಹೆಸರು ಗುಲಾಬಿ. ಊರು ಉಡುಪಿ ಕಡೆ, ಈಗ ಇರುವುದು ಲಂಡನ್ನಿನ ಕೆಂಟನ್‌ನಲ್ಲಿ. ಓದಿದ್ದು ಮೂರನೇ ಕ್ಲಾಸು. ಇಲ್ಲಿಯ ಚೀನಿಯರ ಮದುವೆಗೆ, ಹೊಸ ಅಂಗಡಿ ತೆರೆಯುವುದಕ್ಕೆ, ಅವರ ಹೊಸವರ್ಷದ ಹಬ್ಬಕ್ಕೆ ಕುಣಿಯುವ ಸಿಂಹಗಳನ್ನು ಇಪ್ಪತ್ತಾರು ವರ್ಷ ರಿಪೇರಿ ಮಾಡಿದೆ. ಈಗ ಸೂಜಿಗೆ ದಾರ ಪೋಣಿಸಲು ಕಣ್ಣು ಬರುವುದಿಲ್ಲ, ಬಿಟ್ಟಿದ್ದೇನೆ. ನನ್ನ ಜಾಗಕ್ಕೆ ಬಂದಿರುವ ವಿದ್ಯಾ ಇರುವುದು ಎಜ್‌ವೇರ್‌ನಲ್ಲಿ, ಬೆಂಗಳೂರು ಹುಡುಗಿ, ವಾರವೆಲ್ಲ ಕಂಪ್ಯೂಟರ್ ಕೆಲಸ, ಶನಿವಾರ ಸಿಂಹದ ಕೆಲಸ. 'ಆಂಟಿ, ನಿಮಗೆ ಗೊತ್ತಿರೋದನ್ನ ಬರೆದಿಡಿ, ಆಮೇಲೆ ಯಾರನ್ನ ಕೇಳೋದು?' ಎಂದು ಬೆನ್ನುಬಿದ್ದಳು. ಬರೆದಿದ್ದೇನೆ. ಕಾಗುಣಿತ ಅವಳು ತಿದ್ದಲಿ. ಮಾತು ತಿದ್ದಬಾರದು.

ನಾನು ಈ ಕೆಲಸಕ್ಕೆ ಸೇರಿದ್ದು ಜಗಳ ಮಾಡಲು ಹೋಗಿ. ನಮ್ಮೆಜಮಾನರು ಹೋಟೆಲಿನ ಅಡುಗೆಗೆಂದು ಬಂದವರು. ನಾನು ಒಂದು ಪರದೆ ಹೊಲಿಯುವ ಅಂಗಡಿಯಲ್ಲಿದ್ದೆ. ನಮ್ಮ ತಲೆಯ ಮೇಲಿನ ಮಹಡಿಯಲ್ಲಿ ಸಂಜೆಯಾದರೆ ಡೋಲು, ತಾಳ, ಧಡಧಡ ಕಾಲು. ಒಂದು ದಿನ ಸೂಜಿ ಬೆರಳಿಗೆ ಚುಚ್ಚಿತು. ಸಿಟ್ಟು ಬಂದು ಮೇಲೆ ಹತ್ತಿದೆ. ಬಾಗಿಲು ತೆಗೆದರೆ ಎದುರಿಗೆ ಕೆಂಪು ಸಿಂಹ. ಒಳಗೆ ಇಬ್ಬರು: ಒಬ್ಬ ತಲೆ ಹಿಡಿದವನು, ಇನ್ನೊಬ್ಬ ಬಗ್ಗಿ ಹಿಂದಿನ ಕಾಲಾದವನು. ನಮ್ಮೂರಿನ ಹುಲಿವೇಷದ ತಾಸೆ ಬಡಿತ ಕೇಳಿ ಬೆಳೆದವಳು ನಾನು. ಕಾಲು ತಾನಾಗಿ ನಿಂತಿತು. ಬೈಯಲು ಬಂದವಳು ಬೈಯದೆ, ಬೆನ್ನಿನ ಬಟ್ಟೆ ತೋರಿಸಿ, 'ಈ ಹೊಲಿಗೆ ಬಿಡ್ತಾ ಇದೆ. ಇನ್ನೆರಡು ಕುಣಿತಕ್ಕೆ ಹರಿಯುತ್ತೆ' ಅಂದೆ.

ಡೋಲಿನ ಹಿಂದೆ ಕೂತಿದ್ದ ಸಣಕಲು ಮನುಷ್ಯ ಎದ್ದು ಬಂದರು. ಅವರೇ ಲಾವ್ ಮಾಸ್ಟರ್. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಅಕ್ಕ ತಮ್ಮ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ, ನಮ್ಮ ಇಂಗ್ಲಿಷ್ ಓದಿದರೆ ನಿಮಗೆ ಜ್ವರ ಬಂದೀತು.

'ಹೊಲಿಗೆ ಬರುತ್ತಾ?' ಎಂದರು.

'ಬರದೆ ಹೇಳ್ತೀನಾ?'

'ಹಾಗಾದ್ರೆ ಹೊಲಿ.'

ಅಷ್ಟೇ. ಅರ್ಜಿಯಿಲ್ಲ, ಇಂಟರ್‌ವ್ಯೂ ಇಲ್ಲ.

ಬಟ್ಟೆಯಿಂದ ಶುರುವಾಗಿ ಎರಡು ವರ್ಷದಲ್ಲಿ ತಲೆಗೆ ಬಂದೆ. ಸಿಂಹದ ತಲೆ ಎಂದರೆ ಬಿದಿರಿನ ಕಡ್ಡಿಗಳ ಬುಟ್ಟಿ. ಅದರ ಮೇಲೆ ತೆಳು ಬಟ್ಟೆ, ಕಾಗದ, ಅಂಟು, ಮತ್ತೆ ಕಾಗದ. ಒಣಗಿದ ಮೇಲೆ ಬಣ್ಣ, ವಾರ್ನಿಷ್, ತುಪ್ಪಳ. ಒಳಗೆ ದಾರಗಳು: ಒಂದನ್ನು ಎಳೆದರೆ ರೆಪ್ಪೆ ಮಿಟುಕುತ್ತದೆ, ಇನ್ನೊಂದಕ್ಕೆ ಕಿವಿ ಆಡುತ್ತದೆ. ನೆತ್ತಿಗೆ ಒಂದು ಕೊಂಬು, ಹಣೆಯ ಮೇಲೆ ಒಂದು ದುಂಡು ಕನ್ನಡಿ. ಕೆಟ್ಟದ್ದು ಹತ್ತಿರ ಬಂದರೆ ಅದರಲ್ಲಿ ತನ್ನ ಮುಖ ತಾನೇ ನೋಡಿ ಹೆದರಿ ಓಡಲಿ ಎಂದು. ಬಟ್ಟೆ ಹೊಲಿಯುವವರು ಲಂಡನ್ನಿನಲ್ಲಿ ಸಾವಿರ ಜನ ಸಿಗುತ್ತಾರೆ. ತಲೆ ಮಾಡುವವರು ಇಲ್ಲ. ತಲೆ ಕೈಗೆ ಬಂದ ದಿನವೇ ನನಗೊಂದು ಕಸುಬು ಇದೆ ಅನಿಸಿದ್ದು.

ತಪ್ಪು ಮಾಡಿಲ್ಲವಾ ಎಂದರೆ ಬೇಕಾದಷ್ಟು. ಒಮ್ಮೆ ಅವಸರಕ್ಕೆ ಅಂಟು ಒಣಗುವ ಮೊದಲೇ ಕೆಳದವಡೆ ಕಟ್ಟಿ ಕಳಿಸಿದೆ. ಮದುವೆಯ ಊಟದ ಮೇಜಿನ ಹತ್ತಿರ ಸಿಂಹ ಬಾಯಿ ತೆರೆಯಿತು, ದವಡೆ ಕಳಚಿ ಮದುಮಗನ ಚಿಕ್ಕಪ್ಪನ ಸೂಪಿನ ಬಟ್ಟಲಿಗೆ ಬಿತ್ತು. ತಲೆ ಹಿಡಿದಿದ್ದ ಕೆನ್ ಎಂಬ ಹುಡುಗ, ಈಗ ಅವನಿಗೂ ತಲೆ ನೆರೆತಿದೆ, ಸಿಂಹಕ್ಕೆ ಹಸಿವೆಯಾದ ಹಾಗೆ ನಟಿಸಿ ದವಡೆಯನ್ನು ಮೂತಿಯಿಂದ ಒತ್ತಿ ಎತ್ತಿಕೊಂಡ. ಜನ ಚಪ್ಪಾಳೆ ಹೊಡೆದರು. ಮಾಸ್ಟರ್ ಬೈಯುತ್ತಾರೆಂದು ಕಾದೆ. ಅವರು ವ್ಯಾನ್ ಹತ್ತಿದವರೇ ಹೊಟ್ಟೆ ಹಿಡಿದು ನಕ್ಕರು. 'ಅಂಟು ಒಣಗಲಿಕ್ಕೆ ಎಷ್ಟು ಹೊತ್ತು ಬೇಕು ಅಂತ ಇನ್ನು ಮರೆಯೋದಿಲ್ಲ ನೀನು' ಎಂದರು. ಮರೆತಿಲ್ಲ. ಎರಡು ಹಗಲು, ಎರಡು ರಾತ್ರಿ. ಹೇರ್ ಡ್ರೈಯರ್ ಹಿಡಿಯಬೇಡಿ, ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ.

ಅವರು ಕ್ಷಮಿಸದೆ ಹೋದ ತಪ್ಪು ಬೇರೆ. ಅದನ್ನು ಹೇಳಲೆಂದೇ ಬರೆಯಲು ಕೂತಿದ್ದೇನೆ.

ಮಾಸ್ಟರ್ ಹತ್ತಿರ ಒಂದು ಹಳೆಯ ಕೆಂಪು ಸಿಂಹ ಇತ್ತು, ಅವರ ಗುರುಗಳು ಕಟ್ಟಿದ್ದು. ಅದನ್ನು ಬುಟ್ಟಿಯವರೆಗೆ ಬಿಚ್ಚಿ ಮೂರು ತಿಂಗಳಲ್ಲಿ ಹೊಸದು ಮಾಡಿದೆ. ಹೊಸ ಸಿಂಹ ನಿದ್ದೆಯಲ್ಲಿರುತ್ತದೆ ಎಂದು ಅವರ ನಂಬಿಕೆ. ದೊಡ್ಡವರೊಬ್ಬರನ್ನು ಕರೆಸಿ ಕುಂಚದಿಂದ ಕಣ್ಣಿಗೆ ಕೆಂಪು ಚುಕ್ಕೆ ಇಡಿಸುತ್ತಾರೆ. ಆಗ ಅದು ಎಚ್ಚರವಾಗುತ್ತದೆ. ನಮ್ಮಲ್ಲಿ ಶಿಲ್ಪಿ ದೇವರ ಕಣ್ಣು ಕಡೆಯಲ್ಲಿ ಬಿಡಿಸುತ್ತಾನಲ್ಲ, ಹಾಗೆ. ನನಗೆ ಅದೆಲ್ಲ ವಿವರಿಸಬೇಕಾಗಿರಲಿಲ್ಲ.

ಎಚ್ಚರವಾದ ಸಿಂಹ ಎಷ್ಟು ಚೆನ್ನಾಗಿತ್ತೆಂದರೆ ಹೋದಲ್ಲೆಲ್ಲ ಜನ ಮುತ್ತುತ್ತಿದ್ದರು. ಮೊದಲ ವಾರ ಹಿಂದಿನ ಕಾಲಿನವನ ಪಾದ ಉಳುಕಿತು. ಎರಡನೇ ವಾರ ವ್ಯಾನಿನ ಬಾಗಿಲಿಗೆ ಸಿಕ್ಕಿ ಕಿವಿ ಹರಿಯಿತು. ನನಗೆ ಇನ್ನೇನು ಬೇಕು? ದೃಷ್ಟಿ ತಾಗಿದೆ. ಮೂರನೇ ವಾರ ಒಂದು ದೊಡ್ಡ ಮದುವೆ. ಅವತ್ತು ಬೆಳಗ್ಗೆ ಯಾರನ್ನೂ ಕೇಳದೆ ನನ್ನ ಚೀಲದಿಂದ ಕಾಡಿಗೆ ಡಬ್ಬಿ ತೆಗೆದು ಸಿಂಹದ ಎಡಗೆನ್ನೆಗೆ ಕಪ್ಪು ಬೊಟ್ಟು ಇಟ್ಟೆ. ಮಗುವಿಗೆ ಇಡುವ ಹಾಗೆ.

ಹೋಟೆಲಿನ ಬಾಗಿಲಲ್ಲಿ ಮದುಮಗನ ಅಜ್ಜಿ ನಿಂತಿದ್ದರು. ಸಿಂಹವನ್ನು ನೋಡಿ ನಕ್ಕರು, ಆಮೇಲೆ ಕೆನ್ನೆ ನೋಡಿದರು, ನಗು ನಿಂತಿತು. ಮದುವೆಯ ದಿನ ಮುಖದ ಮೇಲೆ ಕರಿ ಕಲೆ! ಮಾಸ್ಟರ್ ಹೆಬ್ಬೆರಳು ಒದ್ದೆ ಮಾಡಿ ಒರೆಸಿದರು. ಕಾಡಿಗೆ ಅಲ್ಲವಾ, ಕೆನ್ನೆ ತುಂಬ ಹರಡಿತು. ಆ ಅಜ್ಜಿ ಕೈ ಅಡ್ಡ ಹಿಡಿದರು. ಸಿಂಹ ಒಳಗೆ ಹೋಗಲಿಲ್ಲ. ಡೋಲು ಬಾರಿಸದೆ ಒಂದು ಮದುವೆಯಿಂದ ನಾವು ವಾಪಸು ಬಂದದ್ದು ಅದೊಂದೇ ಸಲ.

ನಮ್ಮ ಅಭ್ಯಾಸದ ಹಾಲ್‌ಗೆ ಬಂದ ಮೇಲೆ ಮಾಸ್ಟರ್ ಕೇಳಿದರು, 'ಯಾಕೆ?'

ದೃಷ್ಟಿ ಎನ್ನುವುದಕ್ಕೆ ನನ್ನ ಹತ್ತಿರ ಇಂಗ್ಲಿಷ್ ಇರಲಿಲ್ಲ. 'ಜನ ನೋಡ್ತಾರೆ, ಅದಕ್ಕೇ' ಅಂದೆ.

'ಜನ ನೋಡಲಿ ಅಂತಲೇ ಸಿಂಹ ಇರೋದು!'

'ತುಂಬ ನೋಡ್ತಾರೆ.'

'ಅದಕ್ಕೆ ಹಣೆಯ ಮೇಲೆ ಕನ್ನಡಿ ಇದೆ. ನೀನು ಯಾರು ಇನ್ನೊಂದು ಕಾವಲು ಇಡೋದಕ್ಕೆ? ಎಚ್ಚರವಾದ ಸಿಂಹಕ್ಕೆ ಚುಕ್ಕೆ ಎಲ್ಲಿ ಬಿತ್ತೋ ಅಲ್ಲಿ ಒಂದು ಕಣ್ಣು ತೆರೆಯುತ್ತೆ. ಕೆನ್ನೆಯಲ್ಲಿ ಕಣ್ಣು ತೆರೆಸಿದೆ ನೀನು.'

ಮರುದಿನದಿಂದ ತಲೆಯ ಕೆಲಸ ನನ್ನ ಕೈಯಿಂದ ಹೋಯಿತು. ಕುಣಿಯುವವರ ಪ್ಯಾಂಟು ಮತ್ತು ಬಾಲ ಮಾತ್ರ ನನ್ನದು. ಬಣ್ಣದ ಕಪಾಟಿನ ಬೀಗದ ಕೈ ಮಾಸ್ಟರ್ ಜೇಬಿಗೆ ಸೇರಿತು. ನಾಲ್ಕು ವರ್ಷ ಹಾಗೆ ನಡೆಯಿತು. ಹರಿದ ತಲೆಗಳನ್ನು ಬೇರೆ ಯಾರೋ ಟೇಪು ಅಂಟಿಸಿ ಸರಿಮಾಡುತ್ತಿದ್ದರು. ಟೇಪು! ನಾನು ತುಪ್ಪಳದ ಪ್ಯಾಂಟಿನ ಬೆವರು ತೊಳೆಯುತ್ತಾ, ಕೆಂಪು ಸಿಂಹದ ಮೂಗಿನ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುವುದನ್ನು ನೋಡುತ್ತಿದ್ದೆ. ಬಿಟ್ಟು ಹೋಗಬಹುದಾಗಿತ್ತು. ನಮ್ಮೆಜಮಾನರೂ ಹೇಳಿದರು, 'ನಿಂಗೆ ಬೇರೆ ಕೆಲ್ಸ ಸಿಕ್ಕುದಿಲ್ವನೇ?' ಸಿಗುತ್ತಿತ್ತು. ಆದರೆ ಆ ತಲೆ ಇನ್ನೆರಡು ವರ್ಷ ಟೇಪಿನ ಕೈಯಲ್ಲಿದ್ದರೆ ಕಸಕ್ಕೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಅದು ನನ್ನ ಕೈಗೆ ಮರಳಬೇಕು, ಅದೊಂದೇ ನನಗೆ ಬೇಕಾಗಿದ್ದದ್ದು.

ಆಗ ಲಂಡನ್ನಿನ ಸಟನ್‌ನಲ್ಲಿ ಒಂದು ಮದುವೆ ಬಂತು. ಹುಡುಗಿ ಮೇಘಾ, ಧಾರವಾಡದ ಡಾಕ್ಟರ್ ಒಬ್ಬರ ಮಗಳು. ಹುಡುಗ ಚೀನಿಯರ ಮನೆಯವನು. ಬೆಳಗ್ಗೆ ನಮ್ಮ ಪದ್ಧತಿಯಲ್ಲಿ ಮಾಂಗಲ್ಯ, ಊಟಕ್ಕೆ ಮೊದಲು ಸಿಂಹ. ಪ್ಯಾಂಟಿನ ಹೊಲಿಗೆ ಬಿಟ್ಟಿತೆಂದು ನನ್ನನ್ನೂ ವ್ಯಾನಿನಲ್ಲಿ ಕರೆದುಕೊಂಡು ಹೋಗಿದ್ದರು. ನಾನು ಕಾರಿಡಾರ್‌ನಲ್ಲಿ ನೆಲಕ್ಕೆ ಕೂತು ಕೆನ್‌ನ ಪ್ಯಾಂಟಿನ ಕಾಲು ಹೊಲಿಯುತ್ತಿದ್ದೆ. ಒಳಗಿನಿಂದ ಕನ್ನಡದಲ್ಲಿ ಜಗಳ ಕೇಳಿಸಿತು.

ವಿಷಯ ಇಷ್ಟು. ಚೀನಿಯರ ಮದುವೆಯಲ್ಲಿ ಸಿಂಹಕ್ಕೆ ಲೆಟಸ್ ಸೊಪ್ಪು ಕೊಡುತ್ತಾರೆ. ಸಿಂಹ ಅದನ್ನು ಅಗಿದ ಹಾಗೆ ಮಾಡಿ ಮದುಮಕ್ಕಳ ಮೇಲೆ ಉಗುಳುತ್ತದೆ. ಎಲೆ ತಲೆ ಮೇಲೆ ಬಿದ್ದರೆ ಸಂಪತ್ತು, ಆಶೀರ್ವಾದ. ಮೇಘಾಳ ಅಜ್ಜಿ ರಾಧಾಬಾಯಿ, ಎಂಬತ್ತು ದಾಟಿದವರು, ಯಾರದೋ ಫೋನಿನಲ್ಲಿ ಆ ವಿಡಿಯೋ ನೋಡಿಬಿಟ್ಟಿದ್ದರು.

'ಅಜ್ಜೀ, ಇಟ್ಸ್ ಜಸ್ಟ್ ಲೆಟಸ್!' ಎಂದು ಮೇಘಾ ಕೂಗುತ್ತಿದ್ದಳು.

'ಲೆಟಸ್‌ರೆ ಇರ್ಲಿ, ಪಾರಿಜಾತರೆ ಇರ್ಲಿ, ಬಾಯಾಗ ಹಾಕ್ಕೊಂಡು ಉಗುಳಿದ್ರ ಅದು ಎಂಜಲನ. ಈಗರೆ ತಾಳಿ ಬಿದ್ದದ, ಅಕ್ಷತಿ ಬಿದ್ದ ತಲಿ ಮ್ಯಾಲೆ ಎಂಜಲ ಹಾಕಸ್ತೀರೇನು? ನಾ ಇರೂತನಕ ಆಗೂದಿಲ್ಲ. ಅದು ಒಳಗ ಬಂದ್ರ ನಾ ಹೊರಗ ಹೋಗ್ತೀನಿ.'

ಮೇಘಾಳ ತಾಯಿ ಹೊರಗೆ ಬಂದು ಮಾಸ್ಟರ್ ಹತ್ತಿರ ಕೈ ಜೋಡಿಸಿದರು. ಆ ತಿನ್ನುವುದೊಂದನ್ನು ಬಿಡಲು ಆಗುತ್ತದೆಯೇ? ಮಾಸ್ಟರ್ ತಲೆ ಅಲ್ಲಾಡಿಸಿದರು. ತಿನ್ನದ ಸಿಂಹ ಹರಸುವುದಿಲ್ಲ. ಹುಡುಗನ ತಾತ ತಾವೇ ಸೊಪ್ಪು ಆರಿಸಿ ತಂದು, ಅದಕ್ಕೆ ದುಡ್ಡಿನ ಕೆಂಪು ಲಕೋಟೆ ಕಟ್ಟಿ, ಮೊದಲ ಸಾಲಿನಲ್ಲಿ ಕಾಯುತ್ತಿದ್ದಾರೆ. ಅವರಿಗೆ ಏನೆಂದು ಹೇಳುವುದು? 'ಬೇಡ ಅಂದ್ರೆ ನಾವು ಹೋಗ್ತೀವಿ' ಎಂದು ಮಾಸ್ಟರ್ ಡೋಲಿಗೆ ಚೀಲ ಹಾಕತೊಡಗಿದರು. ಇನ್ನೊಂದು ಮದುವೆಯ ಬಾಗಿಲಿಂದ ಆ ಕೆಂಪು ಸಿಂಹ ವಾಪಸು ಹೋಗುವುದರಲ್ಲಿತ್ತು.

ನಾನು ದಾರ ಹಲ್ಲಿನಲ್ಲಿ ಕಡಿದು ಎದ್ದೆ.

'ಅಮ್ಮ, ಆ ಸಿಂಹಕ್ಕೆ ಬಾಯೇ ಇಲ್ಲ' ಅಂದೆ ರಾಧಾಬಾಯಿಯವರಿಗೆ.

ಕಾರಿಡಾರ್‌ನಲ್ಲಿ ಕನ್ನಡ ಕೇಳಿ ಅವರು ಬೆಚ್ಚಿದರು. 'ಯಾರವಾ ನೀ?'

'ಅದರ ಪ್ಯಾಂಟ್ ಹೊಲಿಯೋಳು.'

'ಬಾಯಿ ಇಲ್ಲದ ಹೆಂಗ ತಿಂತದ?'

'ಒಳಗೆ ಬಗ್ಗಿ ನೋಡಿ, ಗೊತ್ತಾಗುತ್ತೆ.'

ಹೇಳಿದ ಮೇಲೆ ನೆನಪಾಯಿತು, ತಲೆ ಮುಟ್ಟುವ ಹಕ್ಕು ನನಗಿಲ್ಲ. ಹೊರಗಿನವರಿಗೆ ಒಳಗು ತೋರಿಸುವ ಪದ್ಧತಿಯೂ ಇಲ್ಲ. ಕದ್ದು ಮಾಡಿ ಒಮ್ಮೆ ಕೆಟ್ಟಿದ್ದೆ. ಈ ಸಲ ಕೇಳಿಯೇ ಬಿಟ್ಟೆ. 'ಮಾಸ್ಟರ್, ಈ ಅಜ್ಜಿ ತಲೆಯ ಒಳಗೆ ನೋಡ್ಬೇಕು. ನೋಡಿದ್ರೆ ಒಪ್ತಾರೆ. ನೀವು ಬೇಡ ಅಂದ್ರೆ ನಾನು ವ್ಯಾನಿಗೆ ಹೋಗಿ ಕೂತ್ಕೊಳ್ತೀನಿ.'

ಮಾಸ್ಟರ್ ಅಜ್ಜಿಯನ್ನು ನೋಡಿದರು. ಅಜ್ಜಿ ಮಾಸ್ಟರನ್ನು ನೋಡಿದರು. ಇಬ್ಬರೂ ಒಂದೇ ಎತ್ತರ, ಒಂದೇ ಹಟ. ಕಡೆಗೆ ಮಾಸ್ಟರ್ ತಾವೇ ಸಿಂಹದ ತಲೆ ಎತ್ತಿ ಓರೆ ಮಾಡಿ ಹಿಡಿದರು. ರಾಧಾಬಾಯಿ ಸೆರಗು ಬಿಗಿದುಕೊಂಡು ಬಗ್ಗಿ ಒಳಗೆ ಹೊಕ್ಕರು. ಹೊರಗೆ ಕಾಣುತ್ತಿದ್ದದ್ದು ಹಸಿರು ಇಳಕಲ್ ಸೀರೆಯ ನೆರಿಗೆ, ಮೇಲೆ ಸಿಂಹದ ತಲೆ. ಸ್ವಲ್ಪ ಹೊತ್ತಿಗೆ ಸಿಂಹ ಎಡಗಣ್ಣು ಮಿಟುಕಿಸಿತು. ಮತ್ತೆ ಮಿಟುಕಿಸಿತು.

'ಅಜ್ಜೀ!' ಎಂದಳು ಮೇಘಾ.

'ತಡಿಯವಾ, ಇಲ್ಲೊಂದು ದಾರ ಅದ.' ದನಿ ಸಿಂಹದ ಹೊಟ್ಟೆಯಿಂದ ಬಂತು. 'ಏನ ವಾಸನಿ ಇದು! ಹೌದು ಬಿಡು, ನಾಲಿಗಿ ಇಲ್ಲ, ಹಲ್ಲಿಲ್ಲ, ಬರೇ ತೂತು ಅದ. ಹಂಗಾರ ಸೊಪ್ಪು ಯಾರು ಒಗೀತಾರ?'

'ಕೆನ್. ಅವನು ಸೊಪ್ಪನ್ನ ಕೈಯಲ್ಲಿ ಹರಿದು, ಆ ತೂತಿನಿಂದ ಎಸೀತಾನೆ.'

ಅವರು ಹೊರಗೆ ಬಂದರು. ಹಣೆಯ ಕುಂಕುಮ ಮೂಗಿಗಿಳಿದಿತ್ತು. 'ಕೈಲೆ ಒಗದ್ರ ಅದು ಎಂಜಲ ಹೆಂಗಾಗ್ತದ? ಅಕ್ಷತಿ ಆತದು. ಮದಲ ಹೇಳಬಾರದೇನು? ಸೊಪ್ಪು ತೊಳದೀರೋ ಇಲ್ಲೋ? ಆ ಹುಡುಗ ಕೈ ತೊಳಕೊಳ್ಳಲಿ. ಮತ್ತ ಬಲಗೈಲೆ ಒಗೀಬೇಕು, ಎಡಗೈಲೆ ಬ್ಯಾಡ.'

ಕೆನ್ ಎಡಚ. ನಾನು ಅದನ್ನು ಅನುವಾದ ಮಾಡಲಿಲ್ಲ. 'ಬಲಗೈ' ಎಂದಷ್ಟೇ ಅವನಿಗೆ ಹೇಳಿ ಕೈ ತೊಳೆಯಲು ಅಟ್ಟಿದೆ.

ಎಲ್ಲ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ರಾಧಾಬಾಯಿ ಎರಡು ಹೆಜ್ಜೆ ಹಿಂದೆ ಸರಿದು, ಸಿಂಹವನ್ನು ಕೊಂಬಿನಿಂದ ಗಡ್ಡದವರೆಗೆ ನೋಡಿ, 'ಎಷ್ಟ ಛಂದ ಅದವಾ! ದೃಷ್ಟಿ ಆಗ್ತದ ಇದಕ್ಕ' ಎಂದವರೇ, ಕಣ್ಣಿನ ಕಾಡಿಗೆಯನ್ನು ಬೆರಳಿಗೆ ತೆಗೆದು ಸಿಂಹದ ಕೆನ್ನೆಗೆ ಕೈ ಚಾಚಿದರು. ಎಡಗೆನ್ನೆ.

ನನ್ನ ಜೀವ ಹೋಯಿತು. ಎರಡು ಕೈಯಲ್ಲೂ ಅವರ ಮಣಿಕಟ್ಟು ಹಿಡಿದೆ. 'ಅಮ್ಮ, ಬೇಡ! ಅದೊಂದು ಮಾಡ್ಬೇಡಿ.'

'ಯಾಕ?'

'ನಾನು ಮಾಡಿ ನಾಲ್ಕು ವರ್ಷ ಆಯ್ತು, ಇನ್ನೂ ಅನುಭವಿಸ್ತಾ ಇದೀನಿ.'

ಮಾಸ್ಟರ್ ಆ ಕಪ್ಪು ಬೆರಳನ್ನೇ ನೋಡುತ್ತಿದ್ದರು. 'ಇವರೂ ಯಾಕೆ ಅದನ್ನೇ ಮಾಡ್ತಾರೆ?' ಎಂದರು.

ನಾಲ್ಕು ವರ್ಷದಲ್ಲಿ ನನ್ನ ಇಂಗ್ಲಿಷ್ ಏನೂ ಬೆಳೆದಿರಲಿಲ್ಲ. ಆದರೆ ಈಗ ಪಕ್ಕದಲ್ಲಿ ಮೇಘಾ ಇದ್ದಳು. ನಾನು ಕನ್ನಡದಲ್ಲಿ ಹೇಳಿದೆ, ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಮಗು ಚೆನ್ನಾಗಿದ್ದರೆ ಕೆನ್ನೆಗೆ ಕಪ್ಪು ಬೊಟ್ಟು ಇಡುತ್ತೇವೆ. ಬೇರೆಯವರು ಕೆಟ್ಟವರು ಎಂದಲ್ಲ. ಪ್ರೀತಿಯಿಂದ ನೋಡಿದರೂ ದೃಷ್ಟಿ ತಾಗುತ್ತದೆ. ಹೆತ್ತವಳ ಕಣ್ಣೇ ಮೊದಲು ತಾಗುತ್ತದೆ. ನಿಮ್ಮ ಕನ್ನಡಿ ಹೊರಗಿನಿಂದ ಬರುವ ಕೆಟ್ಟದ್ದಕ್ಕೆ. ಈ ಬೊಟ್ಟು ಮನೆಯವರಿಗೆ.

ಮಾಸ್ಟರ್ ಮೇಘಾಳನ್ನು ಕೇಳಿದರು, 'ಇವಳು ಅವತ್ತು ಬೊಟ್ಟು ಇಟ್ಟಿದ್ದು ಅದಕ್ಕಾ?'

'ಮೂರು ತಿಂಗಳು ಕೂತು ಮಾಡಿದ್ದು ನಾನು' ಅಂದೆ. 'ಎಲ್ಲರಿಗಿಂತ ಹೆಚ್ಚು ನೋಡಿದ್ದೂ ನಾನೇ. ನನ್ನ ಕಣ್ಣೇ ತಾಗಿದ್ರೆ?'

ಮಾಸ್ಟರ್ ತಲೆಯನ್ನು ಮತ್ತೆ ಓರೆ ಮಾಡಿ, ಎಡಗಿವಿಯ ಹಿಂದೆ, ಒಳಮೈಯಲ್ಲಿ, ಬಿದಿರು ಕೂಡುವ ಜಾಗವನ್ನು ತೋರಿಸಿದರು. 'ಇಲ್ಲಿ' ಎಂದರು. 'ಹೊರಗಿನವರಿಗೆ ಕಾಣಬಾರದು. ಮನೆಯವರಿಗೆ ಮಾತ್ರ.' ರಾಧಾಬಾಯಿ ಬೊಟ್ಟು ಇಟ್ಟು, ಬೆರಳನ್ನು ಸಿಂಹದ ಗಡ್ಡಕ್ಕೇ ಒರೆಸಿದರು. ನಾನು ನೋಡದ ಹಾಗೆ ಇದ್ದೆ.

ಡೋಲು ಶುರುವಾಯಿತು. ಕೆನ್ ಬಲಗೈಯಲ್ಲಿ ಎಸೆದ ಸೊಪ್ಪು ಅರ್ಧ ಮದುಮಕ್ಕಳ ಮೇಲೆ, ಅರ್ಧ ಫೋಟೋದವನ ಮೇಲೆ ಬಿತ್ತು. ಹುಡುಗನ ತಾತ ಎದ್ದು ನಿಂತು ಚಪ್ಪಾಳೆ ಹೊಡೆದರು. ರಾಧಾಬಾಯಿ ಮಡಿಲಲ್ಲಿ ಉಳಿದಿದ್ದ ಅಕ್ಷತೆಯನ್ನು ಸಿಂಹದ ಮೇಲೆ ಎರಚಿದರು. ಸಿಂಹ ಮೂರು ಸಲ ಬಗ್ಗಿತು. ಎರಡು ದಿನ ಕೂತು ಆ ಅಕ್ಕಿಕಾಳನ್ನು ತಲೆಯ ತುಪ್ಪಳದಿಂದ ಆರಿಸಿ ತೆಗೆದವಳು ನಾನೇ. ಯಾಕೆಂದರೆ ಸೋಮವಾರ ನಾನು ಹಾಲ್‌ಗೆ ಹೋದಾಗ ನನ್ನ ಮೇಜಿನ ಮೇಲೆ ಪ್ಯಾಂಟು ಇರಲಿಲ್ಲ. ಕೆಂಪು ತಲೆ ಇತ್ತು. ಪಕ್ಕದಲ್ಲಿ ಬಣ್ಣದ ಕಪಾಟಿನ ಬೀಗದ ಕೈ.

ನಾನು ಮೊದಲು ಮಾಡಿದ ಕೆಲಸ ಆ ಟೇಪು ಕೀಳುವುದು.

ಆಮೇಲೆ ಕಾಲ ಬದಲಾಯಿತು. ಈಗಿನ ತಲೆಗಳು ಹಗುರ, ಬಿದಿರಿನ ಬದಲು ಅಲ್ಯೂಮಿನಿಯಂ. ಪ್ಯಾಂಟು ಮಷೀನಿಗೆ ಹಾಕಬಹುದು. ಕಣ್ಣಿಗೆ ಬಲ್ಬು ಬಂದಿದೆ, ಬ್ಯಾಟರಿ ಮುಗಿದರೆ ಕುರುಡು. ಆಗ ಹೆಂಗಸರನ್ನು ಸಿಂಹದೊಳಗೆ ಕುಣಿಯಲು ಬಿಡುತ್ತಿರಲಿಲ್ಲ, ಈಗ ನಮ್ಮ ತಂಡದ ಒಳ್ಳೆಯ ಹಿಂದಿನ ಕಾಲು ಒಬ್ಬ ನರ್ಸ್ ಹುಡುಗಿಯದು. 'ಹಿಂದೆಲ್ಲ ಎಷ್ಟು ಚೆನ್ನಾಗಿತ್ತು' ಎಂದು ನನ್ನಿಂದ ಹೇಳಿಸಬೇಡಿ. ಹಿಂದೆ ತಲೆ ಭಾರ ಇತ್ತು, ಹುಡುಗರ ಕುತ್ತಿಗೆ ಹೋಗುತ್ತಿತ್ತು. ಈಗಿನದೇ ವಾಸಿ. ಅಂಟು ಮಾತ್ರ ಈಗಲೂ ಎರಡು ಹಗಲು, ಎರಡು ರಾತ್ರಿ.

ಹೋದ ತಿಂಗಳು ವಿದ್ಯಾ ತನ್ನ ಮೊದಲ ತಲೆ ಮುಗಿಸಿದಳು. ಹಳದಿ ಸಿಂಹ, ಬಿಳಿ ಗಡ್ಡ. ಹೊಲಿಗೆ ನನಗಿಂತ ಸಣ್ಣ. ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು, ಒಪ್ಪಿಕೊಂಡೆ. ಮಾಸ್ಟರ್‌ಗೆ ಈಗ ತುಂಬ ವಯಸ್ಸಾಗಿದೆ, ಮೊಮ್ಮಗಳು ಗಾಲಿಕುರ್ಚಿಯಲ್ಲಿ ತಂದು ಬಿಡುತ್ತಾಳೆ. ವಿದ್ಯಾ ತಲೆಯನ್ನು ಅವರ ತೊಡೆಯ ಮೇಲಿಟ್ಟು ಪಕ್ಕದಲ್ಲಿ ನಿಂತಳು. ಅವರು ಕೊಂಬು ಮುಟ್ಟಿದರು, ಕನ್ನಡಿ ಒರೆಸಿದರು, ರೆಪ್ಪೆಯ ದಾರ ಎಳೆದರು. ಆಮೇಲೆ ತಲೆಯನ್ನು ಮಗುಚಿ, ಎಡಗಿವಿಯ ಹಿಂದೆ ಹೆಬ್ಬೆರಳು ಆಡಿಸಿ, ಕಣ್ಣಿನ ಹತ್ತಿರ ತಂದು ನೋಡಿದರು.

'ಮುಗಿದಿಲ್ಲ' ಎಂದು ಅವಳಿಗೆ ವಾಪಸು ಕೊಟ್ಟರು.

ವಿದ್ಯಾಳ ಮುಖ ಸಣ್ಣದಾಯಿತು. 'ಏನ್ ಬಿಟ್ಟೋಗಿದೆ ಆಂಟಿ? ಎಲ್ಲಾ ಮಾಡಿದ್ದೀನಲ್ಲ!'

ನಾನು ಚೀಲದಿಂದ ಕಾಡಿಗೆ ಡಬ್ಬಿ ತೆಗೆದು ಅವಳ ಕೈಗೆ ಹಾಕಿದೆ.